ಕರಗದ ಕೆರೆಯ ಅಡುಗೆಯವರು

ಲಿಫ್ಟಿನ ಬಾಗಿಲು ತೆರೆದ ಕೂಡಲೇ ನಾವೆಲ್ಲ ಒಳಗೆ ನುಗ್ಗುತ್ತೇವೆ. ಅವರು ನುಗ್ಗುತ್ತಿರಲಿಲ್ಲ. ಬಲಗಾಲು ಮುಂದೆ ಚಾಚಿ, ಲಿಫ್ಟಿನ ನೆಲವನ್ನು ಎರಡು ಸಲ ತಟ್ಟಿ, ಆಮೇಲೆ ಒಳಗೆ ಬರುತ್ತಿದ್ದರು. ಮಾಮಕ್ ಅಂಗಡಿಗೆ ಚಾ ಕುಡಿಯಲು ಹೋದರೂ ಹಾಗೇ, ನಮ್ಮ ಮನೆ ಹೊಸ್ತಿಲು ದಾಟುವಾಗಲೂ ಹಾಗೇ. ಮೊದಲ ಸಲ ನೋಡಿದಾಗ, ಪಾಪ, ಕಾಲಿಗೆ ವಾತ ಇರಬೇಕು ಎಂದುಕೊಂಡೆ. ನನ್ನ ಬಾಯಿ ಸುಮ್ಮನಿರುವುದಿಲ್ಲ, ಕೇಳಿಯೇಬಿಟ್ಟೆ.

"ವಾತ ಅಲ್ಲ ಅಕ್ಕ," ಅಂದರು. "ಕೆರೆ."

ಕೆರೆಯ ರೋಗ ಅಂತ ಒಂದುಂಟಾ ಎಂದು ನಾನು ಮನೆಗೆ ಬಂದು ಮಗಳನ್ನು ಕೇಳಿದೆ. ಅವಳು ಡಾಕ್ಟರು ನೋಡಿ, ಇಲ್ಲಿಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. "ಅಮ್ಮಾ, ಲಿಫ್ಟಿನಲ್ಲಿ ಸಿಕ್ಕಿದವರ ಹತ್ತಿರವೆಲ್ಲ ಮಾತಾಡ್ಬೇಡ," ಅಂದಳು. ಅದೊಂದು ನನ್ನಿಂದ ಆಗುವುದಿಲ್ಲ.

ನಮ್ಮ ಮಲೇಷ್ಯಾ ಕನ್ನಡದವರ ಸಂಚಿಕೆಗೆ ಪ್ರತಿ ವರ್ಷ ನನ್ನ ಹತ್ತಿರ ಒಂದು ಅಡುಗೆ ಬರೆಸಿಕೊಳ್ಳುತ್ತಾರೆ. ಒಮ್ಮೆ ಪತ್ರೊಡೆ, ಒಮ್ಮೆ ಕೋಳಿ ಸುಕ್ಕ. ಈ ವರ್ಷ ನಾನೇ ಹೇಳಿದೆ, ಅಡುಗೆ ಬೇಡ, ಅಡುಗೆಯವರೊಬ್ಬರ ಬಗ್ಗೆ ಬರೆಯುತ್ತೇನೆ ಎಂದು. ನನ್ನ ಓದು ಐದನೇ ಕ್ಲಾಸಿಗೆ ನಿಂತದ್ದು. ತಪ್ಪಿದ್ದರೆ ತಿದ್ದಿಕೊಳ್ಳಿ, ಆದರೆ ಉದ್ದವಾಯಿತು ಎಂದು ಕತ್ತರಿಸಬೇಡಿ. ಮೊನ್ನೆ ಭಾನುವಾರದಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಯಾಕೆಂದು ಹೇಳುತ್ತೇನೆ, ಮೊದಲು ಅವರನ್ನು ನೋಡಿ.

ಪೆಟಾಲಿಂಗ್ ಜಯಾದ ಈ ಕಟ್ಟಡದಲ್ಲಿ ನಾವು ಏಳನೇ ಮಹಡಿ, ಅವರು ಎರಡನೆಯದು. ಎತ್ತರ ಕಡಿಮೆ, ಹೊಟ್ಟೆ ಸ್ವಲ್ಪ ಮುಂದೆ, ಬೆಳ್ಳಗಿನ ಮೀಸೆ, ಹೆಗಲಿನಲ್ಲಿ ಯಾವಾಗಲೂ ಒಂದು ಅಡುಗೆಮನೆ ಬೈರಾಸು. ಕುಂದಾಪುರದ ಕಡೆಯವರು. ಹತ್ತೊಂಬತ್ತಕ್ಕೇ ಹಡಗಿನ ಅಡುಗೆಮನೆಗೆ ಸೇರಿದವರು. ಒಂದು ಸಲ, ದಕ್ಷಿಣ ಧ್ರುವದ ಕಡೆಗೆ ವಿಜ್ಞಾನಿಗಳ ಒಂದು ತಂಡ ಹೊರಟಿದೆ, ಅಡುಗೆಯವನು ಬೇಕು, ಚಳಿ ತಡೆಯುವವನಾಗಬೇಕು ಎಂದು ಯಾರೋ ಬಂದು ಕೇಳಿದರಂತೆ. ನಾನು ಬರ್ತೇನೆ ಎಂದು ಇವರು ಕೈ ಎತ್ತಿದರು.

"ನಂಗೆ ಗೊತ್ತಿದ್ದ ಚಳಿ ಯಾವುದು ಹೇಳಿ ಅಕ್ಕ? ಡಿಸೆಂಬರದಲ್ಲಿ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಮೀಯುವಾಗ ಆಗುತ್ತದಲ್ಲ, ಅದೇ. ಅದನ್ನು ತಡೀತೇನೆ ಅಂತ ಧೈರ್ಯವಾಗಿ ಹೇಳಿದೆ."

ಹೋದರು. ಒಂದು ಬೇಸಿಗೆ, ಒಂದು ಚಳಿಗಾಲ ಅಲ್ಲಿದ್ದು ಬಂದರು. ಆಮೇಲೆ ಮತ್ತೆ ಹಡಗು. ಹಡಗು ಕ್ಲಾಂಗ್ ಬಂದರಿಗೆ ಬಂದಾಗ ಅಲ್ಲಿಯ ಕ್ಯಾಂಟೀನಿನಲ್ಲಿ ಒಬ್ಬ ತಮಿಳು ಹುಡುಗಿಯನ್ನು ನೋಡಿ, ಹಡಗು ಹೋದರೂ ಇವರು ಹೋಗಲಿಲ್ಲ. ಅವರನ್ನೇ ಮದುವೆಯಾಗಿ, ಅದೇ ಬಂದರಿನಲ್ಲಿ ಮೂವತ್ತು ವರ್ಷ ಲಾರಿಯವರಿಗೆ, ಕಂಟೇನರಿನ ಕೆಲಸದವರಿಗೆ ಅನ್ನ ಹಾಕಿದರು. ನಿವೃತ್ತರಾದ ಮೇಲೆ ಈ ಫ್ಲ್ಯಾಟು. ಮಕ್ಕಳಿಲ್ಲ. ನಮ್ಮ ಕನ್ನಡದವರ ಯುಗಾದಿ, ಗಣೇಶ, ನಾಮಕರಣ ಯಾವುದಕ್ಕೂ ಅಡುಗೆ ಇವರದೇ. ಈ ಸಂಚಿಕೆ ಓದುವ ಹೆಚ್ಚಿನವರು ಅವರ ಕೈಯ ಸಾರು ಉಂಡವರೇ, ಆದ್ದರಿಂದ ಹೆಸರು ಹಾಕುವುದಿಲ್ಲ. ಹೆಸರು ಹಾಕಿದರೆ ಅವರಿಗೆ ಆಗುತ್ತಲೂ ಇರಲಿಲ್ಲ.

ಕೆರೆಯ ವಿಷಯ ಒಂದು ಮಧ್ಯಾಹ್ನ ಬಿಡಿಸಿ ಹೇಳಿದರು. ನಾನು ನೆಲದ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದೆ, ಮೊಮ್ಮಗಳು ನನ್ನ ಬೆನ್ನಿಗೆ ಒರಗಿಕೊಂಡಿದ್ದಳು. ಆಗ ಅವಳಿಗೆ ಎಂಟು ವರ್ಷ. ಇಲ್ಲಿಯೇ ಹುಟ್ಟಿದವಳು, ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ನಮ್ಮೂರಿನ ಹಾಗೇ ಒಂದು ಕೆರೆ ಅಕ್ಕ, ಆದ್ರೆ ಮುಚ್ಚಳ ಹಾಕಿದ ಕೆರೆ. ಸುತ್ತ ಬೋಳು ಬೆಟ್ಟ, ನಡುವೆ ಬಾಣಲೆ ಇಟ್ಟ ಹಾಗೆ. ಮೇಲೆ ಮಂಜುಗಡ್ಡೆ, ಕೆಳಗೆ ನೀರು. ಆ ಮುಚ್ಚಳ ಯಾವತ್ತೂ ತೆಗೆಯುದಿಲ್ಲ. ಬೇಸಿಗೆಯಲ್ಲಿ ಸೂರ್ಯ ಮುಳುಗುದೇ ಇಲ್ಲ, ತಿಂಗಳುಗಟ್ಟಲೆ ತಲೆ ಮೇಲೆ ಸುತ್ತುತ್ತಾ ಇರ್ತಾನೆ. ಆದ್ರೂ ಕರಗುದಿಲ್ಲ. ದಡದಲ್ಲಿ ಮಾತ್ರ ಒಂದು ಸುತ್ತು ನೀರು ಬಿಡ್ತದೆ. ದೋಸೆ ಹೊಯ್ದಾಗ ಮೊದಲು ಅಂಚು ಏಳುದಿಲ್ವಾ, ಹಾಗೆ. ಆ ನೀರಿಗೆ ಅಡ್ಡ ಹಲಗೆ ಹಾಕಿ ದಾಟ್ಬೇಕು. ದಾಟಿ ಗಡ್ಡೆ ಮೇಲೆ ಕಾಲಿಡುವ ಮೊದಲು ತಟ್ಬೇಕು. ತಟ್ಟದೆ ಕಾಲಿಟ್ಟವರು ಸೊಂಟದವರೆಗೆ ಒದ್ದೆ."

"ನೀವು ಬಿದ್ದಿದ್ರಾ?" ಎಂದೆ.

"ತಟ್ಟುವ ಅಭ್ಯಾಸ ಮತ್ತೆ ಎಲ್ಲಿಂದ ಬಂತು ಅಂತ ಮಾಡಿದ್ರಿ?"

ಆ ಕೆರೆ ಮಾತನಾಡುತ್ತದಂತೆ. ಬಿಸಿಲು ಏರಿದಾಗ, ಇಳಿದಾಗ ಗಡ್ಡೆ ಬಿರುಕು ಬಿಡುವ ಸದ್ದು. ಮೇಲಿನ ಮನೆಯವರು ಕಬ್ಬಿಣದ ಕಪಾಟು ಎಳೆದ ಹಾಗೆ ಕೇಳುತ್ತದಂತೆ. ನಮ್ಮ ಎಂಟನೇ ಮಹಡಿಯ ಚೀನೀ ಕುಟುಂಬ ಒಂದು ದಿನ ನಿಜವಾಗಿಯೇ ಮಂಚ ಎಳೆಯಿತು. ಮಗಳು ಹುಬ್ಬು ಗಂಟು ಹಾಕಿದಳು. ಇವರು ಚಾ ಲೋಟ ಹಿಡಿದುಕೊಂಡು ಕಣ್ಣು ಮುಚ್ಚಿ, ಹಳೇ ಪರಿಚಯದವರ ಸ್ವರ ಕೇಳಿದ ಹಾಗೆ ನಕ್ಕರು.

ಇಷ್ಟೆಲ್ಲ ಚಳಿ ಕಂಡ ಮನುಷ್ಯ ಮಾಲ್‌ಗೆ ಹೋಗುವಾಗ ಸ್ವೆಟರು ಹಾಕುತ್ತಿದ್ದರು ಎಂದರೆ ನಂಬುತ್ತೀರಾ? ಕೇಳಿದರೆ, "ಅಲ್ಲಿಯದ್ದು ಮರ್ಯಾದೆಯ ಚಳಿ ಅಕ್ಕ, ಎದುರಿನಿಂದ ಬರ್ತದೆ. ಈ ಏಸಿ ಚಳಿ ಹಿಂದಿನಿಂದ ಬಂದು ಕುತ್ತಿಗೆ ಹಿಡೀತದೆ," ಎನ್ನುತ್ತಿದ್ದರು. ನೀರಿಗೆ ಐಸು ಹಾಕಿಸಿಕೊಳ್ಳುತ್ತಲೇ ಇರಲಿಲ್ಲ. ಅಂಗಡಿಯ ಹುಡುಗಿ ಮರೆತು ಹಾಕಿದರೆ ಚಮಚದಲ್ಲಿ ತೆಗೆದು, ಪಕ್ಕದ ಹೂಕುಂಡದಲ್ಲಿ ಇಟ್ಟು, ಅದು ಕರಗುವವರೆಗೆ ನೋಡುತ್ತಿದ್ದರು. "ಎಷ್ಟು ಬೇಗ ಸೋತಿತು ನೋಡಿ," ಎಂದು ನಗುತ್ತಿದ್ದರು.

ಇವರು ಕೆರೆ ಎತ್ತಿದರೆ ಸಾಕು, ಹೆಂಡತಿ ಒಳಗಿನಿಂದ ತಮ್ಮ ತಮಿಳು ಬೆರೆಸಿದ ಕನ್ನಡದಲ್ಲಿ, "ಪೋದುಂ ಪೋದುಂ! ಸಾಕು, ಐಸ್ ಕಚೇರಿ ಮುಗಿಸಿ, ಸಾಂಬಾರಿಗೆ ಉಪ್ಪು ಹಾಕಿ!" ಎಂದು ಕೂಗುತ್ತಿದ್ದರು. ಅವರು ಎದ್ದು ಹೋಗಿ ಉಪ್ಪು ಹಾಕಿ ಬಂದು, ಬಿಟ್ಟ ಮಾತಿನಿಂದಲೇ ಮುಂದುವರಿಸುತ್ತಿದ್ದರು.

ಅವರ ಕೈಯಿಂದ ಏನೂ ಕೆಳಗೆ ಬೀಳುತ್ತಿರಲಿಲ್ಲ. ಇದನ್ನು ನೀವೂ ಗಮನಿಸಿರಬಹುದು. ನೂರು ಜನರ ಊಟ ಬಡಿಸಿದರೂ ನೆಲದಲ್ಲಿ ಒಂದು ಅಗುಳು ಕಾಣುತ್ತಿರಲಿಲ್ಲ. ನಮ್ಮವರು ಪಾರ್ಕಿನಲ್ಲಿ ಊಟ ಮಾಡಿದಾಗ ಎಲ್ಲರೂ ಕಾರು ಹತ್ತಿದ ಮೇಲೆ ಇವರು ಒಬ್ಬರೇ ಬಗ್ಗಿ ಬಗ್ಗಿ ಹುಲ್ಲಿನಲ್ಲಿ ಬಿದ್ದ ಕಡಲೆ ಸಿಪ್ಪೆ ಹೆಕ್ಕುತ್ತಿದ್ದರು. ಆ ಕೆರೆಯ ಮೇಲೆ ಒಂದು ಹನಿ ಚಾ ಚೆಲ್ಲಬಾರದಂತೆ. ಮುಸುರೆ ನೀರು, ಉಗುಳು, ಹೇಳಬಾರದು, ಉಚ್ಚೆ ಕೂಡ ಡಬ್ಬಿಯಲ್ಲಿ ತುಂಬಿ ವಾಪಸು ತರಬೇಕಂತೆ. ನಾನು ಕೇಳಿ ಮೂಗಿನ ಮೇಲೆ ಬೆರಳಿಟ್ಟೆ. ಮೊಮ್ಮಗಳು ಮಾತ್ರ ಕೈ ತಟ್ಟಿ, "ಎವ್ರಿವನ್? ಈವನ್ ದ ಬಾಸ್?" ಎಂದು ಕೇಳಿದಳು. "ಬಾಸಿನದ್ದು ಸ್ವಲ್ಪ ದೊಡ್ಡ ಡಬ್ಬಿ," ಅಂದರು. ಅವತ್ತಿನಿಂದ ಅವಳಿಗೆ ಅವರು ಐಸ್ ಮಾಮ.

ಅವಳಿಗಾಗಿ ಅವರು ಕೆರೆ ಮಾಡಿಕೊಟ್ಟರು. ಕೇಕಿನ ತಟ್ಟೆಯಲ್ಲಿ ನೀರು ಹಾಕಿ, ಸುತ್ತ ಜಲ್ಲಿಕಲ್ಲಿನ ಬೆಟ್ಟ ಇಟ್ಟು, ತಮ್ಮ ಮನೆಯ ಫ್ರೀಜರಿನಲ್ಲಿಟ್ಟರು. ಒಂದೆರಡು ಗಂಟೆ ಬಿಟ್ಟು ತೆಗೆದರೆ ಮೇಲೆ ಗಡ್ಡೆ, ಕೆಳಗೆ ನೀರು. ಚಾಕುವಿನ ತುದಿಯಿಂದ ತೂತು ಮಾಡಿ ತೋರಿಸಿದರು. ಅವಳು ಕಣ್ಣು ಮಿಟುಕಿಸದೆ ನೋಡಿದಳು. ಕೆಳಗಿನ ನೀರಿನಲ್ಲಿ ಯಾರಿದ್ದಾರೆ ಎಂದು ಕೇಳಿದಳು.

"ಪಾಚಿ," ಅಂದರು ಅವರು. "ಬೆಳಕು ಸಿಕ್ಕಷ್ಟು ತಿಂದು, ಗಲಾಟೆ ಮಾಡದೆ ಅಡಿಯಲ್ಲಿ ಕೂತಿರ್ತದೆ. ಸಾವಿರಾರು ವರ್ಷದಿಂದ ಅಲ್ಲೇ ಉಂಟಂತೆ."

ಇದು ನೋಡಿ ಎಲ್ಲದಕ್ಕೂ ಮೂಲ. ಅವಳಿಗೆ ಹನ್ನೊಂದು ಆದಾಗ ಕೇಕಿನ ತಟ್ಟೆ ಸಾಲದಾಯಿತು. ನಾನು ದೇವಸ್ಥಾನಕ್ಕೆ ಹೋಗಿದ್ದೆ, ಅಪ್ಪ ಸೈಬರ್‌ಜಯಾದ ಆಫೀಸಿನಲ್ಲಿ, ಅಮ್ಮ ಕಾಲೇಜಿನಲ್ಲಿ. ನಮ್ಮ ಫ್ರೀಜರಿನಲ್ಲಿದ್ದ ಬಂಗುಡೆ, ಕಾಣೆ, ಸಿಗಡಿ, ತಿಂಗಳಿಗಾಗುವಷ್ಟು ಮೀನನ್ನು ಹೊರಗೆ ತೆಗೆದು ಸಿಂಕಿನಲ್ಲಿಟ್ಟು, ಮಗುವನ್ನು ಮೀಯಿಸುವ ದೊಡ್ಡ ಟಬ್ಬಿಗೆ ನೀರು ತುಂಬಿ ಒಳಗೆ ತಳ್ಳಿದ್ದಾಳೆ. ಬಾಗಿಲು ಹಾಕಲು ಆಗಲಿಲ್ಲ. ಬಟ್ಟೆ ತುರುಕಿದ್ದಾಳೆ. ಈ ಊರಿನ ಸೆಕೆ ನಿಮಗೆ ಹೇಳಬೇಕಾಗಿಲ್ಲ. ಸಂಜೆ ನಾವು ಬಂದಾಗ ಮೀನೆಲ್ಲ ಕೆಟ್ಟು, ಅಡುಗೆಮನೆ ತುಂಬ ನೀರು, ಫ್ರಿಜ್ಜು ಸತ್ತುಹೋಗಿತ್ತು. ಹುಡುಗಿ ಮಾತ್ರ ಟಬ್ಬಿನ ಅಂಚಿನಲ್ಲಿ ತೆಳ್ಳಗೆ ಕಟ್ಟಿದ್ದ ಗಡ್ಡೆ ತೋರಿಸಿ, "ಅಜ್ಜೀ, ಲುಕ್ ಲಾ, ಇಟ್ ಸ್ಟಾರ್ಟೆಡ್!" ಎಂದಳು.

ಮಗಳು ಹಾಗೇ ಚಪ್ಪಲಿಯಲ್ಲೇ ಎರಡನೇ ಮಹಡಿಗೆ ಇಳಿದಳು. ನಾನು ಹಿಂದೆ ಓಡಿದೆ.

"ಅಂಕಲ್, ದಯವಿಟ್ಟು ಇನ್ನು ಅವಳಿಗೆ ಆ ಕೆರೆಯ ಕಥೆ ಹೇಳ್ಬೇಡಿ. ಮೀನು ಹೋದದ್ದಕ್ಕೆ ಬೇಜಾರಿಲ್ಲ. ಶಾಲೆಯಲ್ಲಿ ಲೆಕ್ಕದ ಪುಸ್ತಕದ ತುಂಬ ಅದೇ ಕೆರೆ ಚಿತ್ರ. ಅವಳು ಓದ್ಬೇಕು."

ನಾನಾದರೆ ಎರಡು ಮಾತು ತಿರುಗಿ ಹೇಳುತ್ತಿದ್ದೆ. ಅವರು ಬೈರಾಸಿನಲ್ಲಿ ಕೈ ಒರೆಸಿಕೊಂಡು, "ಆಯ್ತು ಮಗಾ. ನೀನು ಹೇಳುವವರೆಗೆ ಹೇಳುದಿಲ್ಲ," ಅಂದರು.

ಮತ್ತೆ ಏಳು ವರ್ಷ ಹೇಳಲಿಲ್ಲ! ಇದನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಒಂದೇ ಕಟ್ಟಡ, ದಿನಾ ಮುಖ ನೋಡುವುದು, ಆ ಹುಡುಗಿ ಹೋಗಿ ಸೆರಗು ಹಿಡಿದ ಹಾಗೆ ಬೈರಾಸು ಹಿಡಿದು ಜಗ್ಗುವುದು, "ಮಾಮ, ಒನ್ ಕೊಶ್ಚನ್ ಓನ್ಲಿ!"

"ಕೇಳು ಮಗಾ, ಸಾರಿನದ್ದಾದ್ರೆ ಕೇಳು."

ಅವಳ ಅಳು ನೋಡಲಾರದೆ ನಾನೇ ಒಂದು ಉಪಾಯ ಮಾಡಿದೆ. "ಅಣ್ಣ, ನೀವು ನನಗೆ ಹೇಳಿ. ಅವಳು ಒಳಗಿನ ರೂಮಿನಲ್ಲಿ ಕೂತಿರ್ತಾಳೆ. ಕಿವಿಗೆ ಬಿದ್ರೆ ನಮ್ಮ ತಪ್ಪಾ?" ಎಂದೆ.

ಅವರು ನನ್ನನ್ನು ನೋಡಿದ ನೋಟಕ್ಕೆ ನಾಚಿಕೆಯಾಯಿತು. "ಅಕ್ಕ, ಅದು ಹಿಂಬಾಗಿಲು," ಅಂದರು. ಮತ್ತೆ ಬಟಾಟೆ ಸಿಪ್ಪೆ ತೆಗೆಯುತ್ತಾ ಕೂತರು.

ಕಥೆ ನಿಂತರೂ ಹುಡುಗಿಯ ತಲೆಯಲ್ಲಿ ಕೆರೆ ನಿಲ್ಲಲಿಲ್ಲ. ಹದಿನೆಂಟಕ್ಕೆ ಒಳ್ಳೆಯ ಮಾರ್ಕು ಬಂತು. ಮಗಳು ಮೆಡಿಕಲ್ಲಿಗೆ ಫಾರ್ಮು ತಂದಿಟ್ಟಳು. ಮೊಮ್ಮಗಳು ಅದನ್ನು ಪಕ್ಕಕ್ಕೆ ಸರಿಸಿ, ತಾನು ಪಾಚಿಯ ಬಗ್ಗೆ ಓದುತ್ತೇನೆ, ಚಳಿಯ ನೀರಿನ ಪಾಚಿ, ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಬಾವಿಯ ಮೆಟ್ಟಿಲಿನ ಪಾಚಿ ತೆಂಗಿನ ಸಿಪ್ಪೆಯಲ್ಲಿ ಉಜ್ಜಿ ಉಜ್ಜಿ ನನ್ನ ಬಾಲ್ಯ ಕಳೆದಿತ್ತು. ಇವಳು ಅದನ್ನು ಕಾಲೇಜಿಗೆ ಹೋಗಿ ಓದುತ್ತಾಳಂತೆ! ಆದರೆ ಮಗಳು ನಗಲಿಲ್ಲ. ಮನೆಯಲ್ಲಿ ಮೂರು ದಿನ ತಟ್ಟೆ ಲೋಟದ ಸದ್ದು ಬಿಟ್ಟರೆ ಬೇರೆ ಮಾತಿಲ್ಲ.

ನಾಲ್ಕನೇ ದಿನ ಮಗಳೇ, "ಬನ್ನಿ ಇಬ್ಬರೂ," ಎಂದು ನಮ್ಮನ್ನು ಎರಡನೇ ಮಹಡಿಗೆ ಕರೆದುಕೊಂಡು ಹೋದಳು. ಅವರ ಎದುರು ಕೂತು ನೇರ ಕೇಳಿದಳು. "ಅಂಕಲ್, ಅವಳಿಗೆ ನಿಜ ಹೇಳಿ. ಚಂದದ್ದು ಬೇಡ. ಅಲ್ಲಿ ಎಷ್ಟು ಕಷ್ಟ ಅಂತ ಹೇಳಿ. ನಿಮ್ಮ ಬಾಯಲ್ಲಿ ಕೇಳಿದ್ರೆ ಅವಳು ಬಿಟ್ಟಾಳು."

"ಹಾಗಾದ್ರೆ ನಾನು ಕೊಟ್ಟ ಮಾತಿನಿಂದ ನನ್ನನ್ನು ಬಿಡಿಸಿದ್ಯಾ ಮಗಾ?"

"ಬಿಡಿಸಿದೆ."

ಅವರ ಹೆಂಡತಿ ಅಂದು ಪೋದುಂ ಅನ್ನಲಿಲ್ಲ. ಬಂದು ಬಾಗಿಲಿಗೆ ಒರಗಿ ನಿಂತರು. ಅವರಿಗೂ ಈ ಕಥೆ ಹೊಸತು ಎಂದು ನನಗೆ ಆಮೇಲೆ ಗೊತ್ತಾಯಿತು.

ಅಲ್ಲಿದ್ದಾಗ ಅವರ ತಾಯಿ ತೀರಿಕೊಂಡರಂತೆ. ರೇಡಿಯೋದಲ್ಲಿ ಸುದ್ದಿ ಬಂತು, ಮಣ್ಣಾದ ಎಷ್ಟೋ ದಿನದ ಮೇಲೆ. ಹೊರಡುವಂತಿಲ್ಲ, ಹಡಗು ಬರಲು ಇನ್ನೂ ತಿಂಗಳುಗಳಿದ್ದವು. ಒಬ್ಬನೇ ಮಗ. "ಅಳ್ಲಿಕ್ಕೂ ಪುರುಸೊತ್ತಿಲ್ಲ, ಹನ್ನೆರಡು ಜನರಿಗೆ ಚಪಾತಿ ಆಗ್ಬೇಕು," ಅಂದರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನ ಲೆಕ್ಕ ಹಾಕಿ, ಮುಷ್ಟಿ ಅನ್ನಕ್ಕೆ ಕಪ್ಪು ಎಳ್ಳು ಬೆರೆಸಿದರು. ಸಂಕ್ರಾಂತಿಗೆ ಎಂದು ತಂದಿದ್ದ ಎಳ್ಳು. ಎಲೆ ಎಲ್ಲಿಯದು? ಪಾತ್ರೆಯ ಮುಚ್ಚಳದ ಮೇಲೆ ಇಟ್ಟುಕೊಂಡು ಹಲಗೆ ದಾಟಿ, ಕೆರೆಯ ಮೇಲೆ ಇಟ್ಟು, ದೂರ ನಿಂತು ಕಾಗೆ ಕರೆದರು.

"ಕಾಗೆ?" ಎಂದೆ ನಾನು. "ಅಲ್ಲಿ ಕಾಗೆ ಉಂಟಾ?"

"ಇಲ್ಲ ಅಂತ ಗೊತ್ತಿತ್ತು ಅಕ್ಕ. ಆದ್ರೂ ಕಾ ಕಾ ಅಂದೆ. ಕರೆಯದೆ ಹೇಗೆ ಇರುದು? ಕಂದು ಬಣ್ಣದ ಒಂದು ದೊಡ್ಡ ಹಕ್ಕಿ ಬಂತು, ಹೇಂಟೆ ಕೋಳಿಯಷ್ಟು ದೊಡ್ಡದು. ಅನ್ನ ಎತ್ಕೊಂಡು ಹೋಯ್ತು. ನಂಗೆ ಅಷ್ಟು ಸಮಾಧಾನ ಆಯ್ತು, ಗೊತ್ತುಂಟಾ? ಅಷ್ಟರಲ್ಲಿ ಗಾಳಿ ಎದ್ದು ಮುಚ್ಚಳ ಹಾರಿತು. ಉಳಿದ ಎಳ್ಳೆಲ್ಲ ಗಡ್ಡೆ ಮೇಲೆ ಚೆಲ್ಲಿತು."

ಮರುದಿನ ಹೋಗಿ ನೋಡಿದರೆ ಎಳ್ಳು ಮೇಲೆ ಇಲ್ಲ. ಕಪ್ಪು ಬಣ್ಣ ಬಿಸಿಲು ಹೀರುತ್ತದಲ್ಲ, ಒಂದೊಂದು ಎಳ್ಳೂ ತನ್ನ ಅಡಿಯ ಗಡ್ಡೆಯನ್ನು ಕರಗಿಸಿಕೊಂಡು ಸೂಜಿ ಚುಚ್ಚಿದ ಹಾಗೆ ಕೆಳಗೆ ಇಳಿದಿತ್ತು. ಬಿಟ್ಟರೆ ಇಳಿಯುತ್ತಲೇ ಹೋಗುತ್ತದೆ. ಅದೇ ಜಾಗದಲ್ಲಿ ಒಬ್ಬ ಚಿಕ್ಕ ಪ್ರಾಯದ ವಿಜ್ಞಾನಿ ಮಾರನೇ ವಾರ ತೂತು ಕೊರೆದು ನೀರು ತೆಗೆಯುವವನಿದ್ದ. ಅವನ ಒಂದು ವರ್ಷದ ತಯಾರಿ.

"ಯಾರೂ ನೋಡಿರಲಿಲ್ಲ ಮಗಾ," ಎಂದು ಅವರು ಮೊಮ್ಮಗಳಿಗೆ ಹೇಳಿದರು. "ನಾನು ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಅವತ್ತು ಮಧ್ಯಾಹ್ನ ಬೇಳೆ ಅಡಿ ಹಿಡೀತು. ನನ್ನ ಜನ್ಮದಲ್ಲಿ ಅಡಿ ಹಿಡಿದದ್ದು ಅದೊಂದೇ ಸಲ. ಪಾತ್ರೆ ಇಳಿಸಿ, ಹೋಗಿ ತಂಡದ ದೊಡ್ಡ ಸಾಹೇಬ್ರಿಗೆ ಹೇಳಿದೆ."

"ಡಿಡ್ ಹಿ ಶೌಟ್?"

"ಬೈದಿದ್ರೆ ಒಳ್ಳೇದಿತ್ತು. ಅವರು ಎದ್ದು ಹೋಗಿ ಎರಡು ಚಿಮಟ ತಂದ್ರು, ಒಂದು ನನ್ನ ಕೈಗೆ, ಒಂದು ಅವರ ಕೈಗೆ. ಆ ಹುಡುಗನೂ ಬಂದ. ಮೂರು ಜನ ಮೊಣಕಾಲೂರಿ ಕೂತು ಎಳ್ಳು ಹೆಕ್ಕಿದೆವು. ಎರಡು ದಿನ. ಆ ಹುಡುಗ ತನ್ನ ತೂತನ್ನು ಕೆರೆಯ ಆಚೆ ತುದಿಗೆ ಕೊಂಡುಹೋದ. ನಂಗೆ ಒಂದು ಮಾತು ಅನ್ನಲಿಲ್ಲ. ನಡುವೆ ಒಮ್ಮೆ, ನಿಮ್ಮ ಅಮ್ಮ ಏನು ಚೆನ್ನಾಗಿ ಅಡುಗೆ ಮಾಡ್ತಿದ್ರು ಅಂತ ಕೇಳಿದ. ಆಗ ಬಂತು ನಂಗೆ ಅಳು. ಕಣ್ಣೀರು ಕೆರೆಗೆ ಬೀಳ್ಬಾರ್ದು ಅಂತ ಬೈರಾಸು ಕೊಟ್ಟದ್ದು ಸಾಹೇಬ್ರು."

ಹೇಳಿ ಮುಗಿಸಿ ಅವರು ಮಗಳ ಕಡೆ ತಿರುಗಿದರು. "ನಿಜ ಹೇಳು ಅಂದೆಯಲ್ಲ ಮಗಾ. ನಿಜ ಇಷ್ಟೇ. ಬೇಕಾದಾಗ ಅಲ್ಲಿಂದ ಬರ್ಲಿಕ್ಕೆ ಆಗುದಿಲ್ಲ. ಮಾಡಿದ ತಪ್ಪು ಮುಚ್ಲಿಕ್ಕೂ ಆಗುದಿಲ್ಲ. ಆದ್ರೆ ನನ್ನ ಜೊತೆ ಮೊಣಕಾಲೂರಿದವರು ನಂಗೆ ಬೇರೆ ಎಲ್ಲಿಯೂ ಸಿಗಲಿಲ್ಲ."

ಮರುದಿನ ಬೆಳಿಗ್ಗೆ ಮಗಳು ಚಾ ಕುಡಿಯುತ್ತಾ, "ಆ ಪಾಚಿ ಫಾರ್ಮು ತಾ," ಅಂದಳು. ಹುಡುಗಿ ಕುಣಿದಳು, ಅವಳಿಗಿಂತ ಹೆಚ್ಚು ನಾನು ಕುಣಿದೆ. "ತಡಿ," ಅಂದಳು ಮಗಳು. "ಓದು. ಎಷ್ಟು ಬೇಕಾದ್ರೂ ಓದು. ಅಲ್ಲಿಗೆ ಹೋಗುವ ಮಾತು ಮಾತ್ರ ಎತ್ಬೇಡ. ಬೇಕಾದಾಗ ಬರ್ಲಿಕ್ಕೆ ಆಗುದಿಲ್ಲ ಅಂತ ಅವರೇ ಹೇಳಿದ್ದು."

ಅವಳದೂ ತಪ್ಪಲ್ಲ ನೋಡಿ. ಒಂದೇ ಮಗು.

ಆರು ವರ್ಷ ಓದಿದಳು ನನ್ನ ಮೊಮ್ಮಗಳು. ಹೋದ ವರ್ಷ ಆ ಕಡೆಗೆ ಹೋಗುವ ಒಂದು ತಂಡಕ್ಕೆ ಅರ್ಜಿ ಹಾಕಿದಳು, ಅಮ್ಮನಿಗೆ ಹೇಳಿಯೇ ಹಾಕಿದಳು. ಹೆಸರು ಕಾಯುವವರ ಪಟ್ಟಿಯಲ್ಲಿ ಬಂತು, ಯಾರಾದರೂ ಬಿಟ್ಟರೆ ಇವಳು. ದೇವರ ಎದುರು ಮಗಳು ಯಾರೂ ಬಿಡದಿರಲಿ ಎಂದು ಬೇಡುತ್ತಿದ್ದಳು, ನಾನು ಒಬ್ಬರಾದರೂ ಬಿಡಲಿ ಎಂದು. ಒಂದೇ ದೀಪ, ಇಬ್ಬರ ಅರ್ಜಿ. ದೇವರು ಏನು ಮಾಡಿಯಾನು?

ಆ ಹೊತ್ತಿಗೆ ಐಸ್ ಮಾಮ ಮಲಗಿದ್ದರು. ಹೃದಯ ದುರ್ಬಲವಾಗಿತ್ತು. ನಾವು ನೋಡಲು ಹೋದರೆ ಗಂಜಿ ಸರಿಯಾಗಿಲ್ಲ ಎಂದು ಹೆಂಡತಿಯ ಹತ್ತಿರ ಜಗಳ. ಮೊಮ್ಮಗಳನ್ನು ಹತ್ತಿರ ಕರೆದು, "ಹೋದ್ರೆ ಒಂದು ಮಾತು ನೆನಪಿಟ್ಕೋ," ಅಂದರು. ನಾವೆಲ್ಲ ಏನು ದೊಡ್ಡ ಮಾತು ಹೇಳುತ್ತಾರೋ ಎಂದು ಬಗ್ಗಿದೆವು. "ಅಡುಗೆಯವನ ಹತ್ತಿರ ಜಗಳ ಮಾಡ್ಬೇಡ. ಉಪ್ಪು ಕಡಿಮೆಯಾದ್ರೂ ಚಂದ ಉಂಟು ಅಂತ ಹೇಳು."

ದೀಪಾವಳಿ ಕಳೆದು ಹದಿನೈದು ದಿನಕ್ಕೆ ಹೋದರು. ನಿದ್ದೆಯಲ್ಲಿಯೇ. ಕ್ಲಾಂಗಿನಿಂದ ಮಲಾಯ್ ಲಾರಿಯವರು, ಬಾಂಗ್ಲಾದ ಕೂಲಿಯವರು, ಚೀನೀ ಮೇಸ್ತ್ರಿಗಳು ಬಂದಿದ್ದರು. ಎಲ್ಲರೂ ಅವರ ಊಟದ ಮಾತೇ ಆಡಿದರು. ನಮ್ಮ ಕಟ್ಟಡದ ಕೆಳಗೆ ಅಷ್ಟು ಚಪ್ಪಲಿ ನಾನು ಯಾವತ್ತೂ ನೋಡಿಲ್ಲ.

ಈ ವರ್ಷ ಆ ತಂಡದವರೊಬ್ಬರು ಕಾಲು ಮುರಿದುಕೊಂಡರು. ಅವರ ಕಾಲು ಈಗ ಸರಿಯಾಗಿದೆಯಂತೆ, ವಿಚಾರಿಸಿದ್ದೇನೆ. ಇವಳ ಸರದಿ ಬಂತು. ಮಗಳು ಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. "ನಿನಗೆ ಇಪ್ಪತ್ತನಾಲ್ಕು ಆಯ್ತು. ನಾನು ಏರ್‌ಪೋರ್ಟಿಗೆ ಬರುದಿಲ್ಲ," ಅಂದಳು. ಬರಲಿಲ್ಲ. ಕ್ಲಾಸು ಉಂಟು ಎಂದು ಕಾಲೇಜಿಗೆ ಹೋದಳು. ಅಳಿಯ ಕಾರು ಓಡಿಸಿದ, ನಾನು ಹಿಂದೆ ಕೂತೆ. ಹುಡುಗಿ ದಾರಿಯುದ್ದಕ್ಕೂ ಫೋನು ನೋಡುತ್ತಿದ್ದಳು. ಅಮ್ಮನ ಒಂದು ಮೆಸೇಜೂ ಬರಲಿಲ್ಲ. ಒಳಗೆ ಹೋಗುವಾಗ ನನ್ನ ಕುತ್ತಿಗೆ ಹಿಡಿದು, ಯಾವತ್ತೂ ಇಂಗ್ಲಿಷೇ ಆಡುವವಳು, "ಅಜ್ಜಿ, ಅಮ್ಮ ಸಿಟ್ಟಲ್ಲೇ ಇದ್ರೆ ಎಂತ ಮಾಡುದು?" ಅಂದಳು. ಚಕ್ಕುಲಿ ಡಬ್ಬಿ ಕೈಗೆ ಕೊಟ್ಟೆ.

ಮೂರು ವಾರ ಆ ಚಿಂತೆಯೊಂದೇ. ಹುಡುಗಿ ಕ್ಷೇಮ ಎಂದು ತಂಡದವರ ಕಾಗದ ಕಂಪ್ಯೂಟರಿಗೆ ಬರುತ್ತಿತ್ತು. ಅಳಿಯ ಓದುತ್ತಿದ್ದ. ಮಗಳು ಆ ಹೊತ್ತಿಗೆ ಸರಿಯಾಗಿ ಬಟ್ಟೆ ಮಡಚಲು ಕೂರುತ್ತಿದ್ದಳು, ಎದುರಿನ ಕುರ್ಚಿಯಲ್ಲಿಯೇ. ಮಡಚಿದ್ದನ್ನೇ ಮತ್ತೆ ಮಡಚುತ್ತಿದ್ದಳು.

ಮೊನ್ನೆ ಭಾನುವಾರ ಬೆಳಿಗ್ಗೆ ಫೋನು ಬಂತು. ಉಪಗ್ರಹದ ಫೋನಂತೆ, ಒಬ್ಬೊಬ್ಬರಿಗೆ ಹತ್ತು ನಿಮಿಷ. ಅಳಿಯ ಸ್ಪೀಕರಿಗೆ ಹಾಕಿದ. ಗರಗರ ಸದ್ದು, ಅದರೊಳಗಿನಿಂದ ನನ್ನ ಬಂಗಾರದ ಸ್ವರ.

"ಅಪ್ಪಾ? ಅಜ್ಜೀ? ಐ ಆಮ್ ಆನ್ ದ ಲೇಕ್! ನೌ! ಸ್ಟ್ಯಾಂಡಿಂಗ್!"

ನಾನು ಕಿರುಚಿದೆ. ಅದು ಮಾಮನ ಕೆರೆಯೇನೇ ಎಂದು ಕೇಳಿದೆ.

"ನೋ ಲಾ ಅಜ್ಜಿ, ಅದರ ಕಸಿನ್!"

ಹೀಗೆಂದು ನಕ್ಕಳು. ಆಮೇಲೆ ಸಣ್ಣಗೆ ಕೇಳಿದಳು. "ಅಮ್ಮ ಇದ್ದಾಳಾ?"

ಮಗಳು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ದೋಸೆಯ ಸಟ್ಟುಗ ಕೈಯಲ್ಲೇ ಇತ್ತು. ನಾನೂ ಅಳಿಯನೂ ಅವಳನ್ನು ನೋಡಿದೆವು, ಅವಳು ಫೋನನ್ನು ನೋಡಿದಳು. ಆ ಹತ್ತು ನಿಮಿಷದಲ್ಲಿ ಎಷ್ಟು ಹೋಯಿತೋ. ಒಲೆಯ ಮೇಲೆ ದೋಸೆ ಕರಟಿತು. ಅವಳು ಬಂದು ಸಟ್ಟುಗ ನನ್ನ ಕೈಗೆ ಕೊಟ್ಟು, ಫೋನು ಎತ್ತಿಕೊಂಡು, ಸ್ಪೀಕರು ತೆಗೆದು ಕಿವಿಗಿಟ್ಟಳು.

"ಹ್ಞೂಂ, ಇದ್ದೇನೆ," ಅಂದಳು. ಇನ್ನು ಶುರು, ಟೋಪಿ ಹಾಕಿದ್ಯಾ, ಮಾತ್ರೆ ತಗೊಂಡ್ಯಾ, ಯಾವಾಗ ಬರ್ತಿ ಎಂದು ಬೈಗುಳ ಎಂದುಕೊಂಡೆ. ಇಲ್ಲ. ಬಾಲ್ಕನಿಗೆ ಹೋಗಿ, ನಮಗೆ ಬೆನ್ನು ಹಾಕಿ ನಿಂತು, "ಕೆರೆ ಹೇಗುಂಟು ಹೇಳು," ಅಂದಳು. "ಮೊದಲಿಂದ ಹೇಳು."

ಆಮೇಲೆ ಬರೀ ಹ್ಞೂಂ, ಹೌದಾ, ಮತ್ತೆ, ಹೌದಾ. ಉಳಿದ ನಿಮಿಷವೆಲ್ಲ ಅವಳೇ ಮುಗಿಸಿದಳು. ನನಗೆ ಒಂದು ಮಾತು ಸಿಗಲಿಲ್ಲ. ಸಿಗದಿದ್ದರೆ ಹೋಗಲಿ ಎಂದು ನಾನು ಕರಟಿದ ದೋಸೆ ಕೆರೆಯುತ್ತಾ ಅತ್ತೆ, ನಕ್ಕೆ. ಎರಡೂ ಒಟ್ಟಿಗೆ ಬಂತು.

ಫೋನು ಇಟ್ಟವಳು, "ಅಮ್ಮಾ, ಚಪ್ಪಲಿ ಹಾಕು. ಆಂಟಿಗೆ ಹೇಳಿ ಬರುವ," ಅಂದಳು. ಎರಡನೇ ಮಹಡಿಗೆ ಲಿಫ್ಟಿಗೂ ಕಾಯಲಿಲ್ಲ, ಮೆಟ್ಟಿಲು ಇಳಿದಳು. ಈಗ ಒಬ್ಬರೇ ಇರುವ ಆಂಟಿ ನೈಟಿಯಲ್ಲೇ ಬಾಗಿಲು ತೆಗೆದರು. ಕೂರುವ ಮೊದಲೇ ಮಗಳು ಶುರು ಮಾಡಿದಳು. ಗಡ್ಡೆಯ ಬಣ್ಣ ಹೀಗೆ, ಒಳಗೆ ಗುಳ್ಳೆಗಳು ಒಂದರ ಮೇಲೆ ಒಂದು ಹೆಪ್ಪುಗಟ್ಟಿ ನಿಂತದ್ದು ಹೀಗೆ, ಬೆಟ್ಟದ ನೆರಳು ಬಂದಾಗ ಸದ್ದು ಹೀಗೆ. ಕೈ, ಕಣ್ಣು, ಹುಬ್ಬು ಎಲ್ಲ ಮಾತಾಡುತ್ತಿತ್ತು. ನಾನು ಹೆತ್ತವಳು, ಅವಳಿಗೆ ಕಥೆ ಹೇಳಲು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

"ಎಷ್ಟು ದಪ್ಪ ಅಂತೆ ಆ ಐಸು?" ಎಂದು ಆಂಟಿ ಕೇಳಿದರು.

ಮಗಳು ಎರಡೂ ಕೈ ಅಗಲಿಸಿದಳು. ಸಾಲಲಿಲ್ಲ. ನೆಲ ಮುಟ್ಟಿ, ತಲೆಯ ಮೇಲೆ ಕೈ ಎತ್ತಿದಳು. ಅದೂ ಸಾಲಲಿಲ್ಲ. ಸುತ್ತ ನೋಡಿ, ಮೂಲೆಯ ಸ್ಟೂಲು ಎಳೆದು, ಸೀರೆ ಎತ್ತಿ ಕಟ್ಟಿ, ಐವತ್ತು ಆಗುತ್ತಾ ಬಂದ ಡಾಕ್ಟರಮ್ಮ ಅದರ ಮೇಲೆ ಹತ್ತಿ ನಿಂತಳು.

"ಫ್ಯಾನು ತಾಗ್ತದೆ, ಇಳಿ ಮಾರಾಯ್ತಿ!" ಎಂದು ನಾನು ಕೂಗಿದೆ.

ಅವಳು ಇಳಿಯಲಿಲ್ಲ. "ಇನ್ನೂ ಮೇಲೆ ಆಂಟಿ," ಎನ್ನುತ್ತಾ ತುದಿಗಾಲಿನಲ್ಲಿ ನಿಂತು ಕೈ ಚಾಚಿದಳು. "ಇನ್ನೂ ಮೇಲೆ."